ಮೊದಲ ಆಟೊಮ್ಯಾಟಿಕ್ ಕೊಳ್ಳುವ ಮುನ್ನ ಅಪ್ಪನ ಜನತಾ ವಾಚಿಗೆ ಕೀ ಕೊಡಿ

ಪ್ರಶ್ನೆ: ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಉಪನ್ಯಾಸಕ. ಇಷ್ಟು ವರ್ಷ ಸೆಲ್ ವಾಚನ್ನೇ ಕಟ್ಟಿದವನು. ಈಗ 30,000 ರೂಪಾಯಿಯ ಒಳಗೆ ಕೈ ಆಡಿದಾಗ ತಾನೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್ ವಾಚೊಂದನ್ನು ಮೊದಲ ಸಲ ಕೊಳ್ಳಬೇಕೆಂದಿದ್ದೇನೆ. ಒಬ್ಬ ಸ್ನೇಹಿತರು ಜಪಾನಿನದನ್ನೇ ತೆಗೆದುಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಹಣ ಕೂಡಿಸಿ ಸ್ವಿಸ್ ವಾಚನ್ನೇ ಕೊಳ್ಳಿ ಎನ್ನುತ್ತಾರೆ, ಮೂರನೆಯವರು ಕೀ ಕೊಡುವ ವಾಚಿನ ಮುಂದೆ ಎರಡೂ ಸಪ್ಪೆ ಎನ್ನುತ್ತಾರೆ. ಐನೂರು ರೂಪಾಯಿಯ ಸೆಲ್ ವಾಚಿಗಿಂತ ಕಡಿಮೆ ನಿಖರವಾದ ವಸ್ತುವಿನ ಬಗ್ಗೆ ಇವರ ಅಭಿರುಚಿಗಳು ಇಷ್ಟು ಬೇರೆಯಾಗಿರುವುದು ಏಕೆ? ಅಂದಹಾಗೆ, ತಂದೆಯವರ ಎಚ್‌ಎಂಟಿ ಜನತಾ ಮನೆಯಲ್ಲಿ ನಿಂತು ಬಿದ್ದಿದೆ, ಡಯಲ್ ಮೇಲೆ ಕಲೆಗಳಾಗಿವೆ. ಅದನ್ನು ರಿಪೇರಿ ಮಾಡಿಸುವುದು ಲಾಭವೇ? ಹೊಸ ಬಣ್ಣ ಹೊಡೆಸಲೇ?

ಉತ್ತರ: ನೀವು "ಅಂದಹಾಗೆ" ಎಂದು ಕೊನೆಯಲ್ಲಿ ಸೇರಿಸಿದ ಮಾತನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಉಳಿದ ಪ್ರಶ್ನೆಗಳಿಗೆ ಉತ್ತರ ಇರುವುದು ಆ ನಿಂತ ಜನತಾ ವಾಚಿನಲ್ಲಿ. ನಿಮ್ಮ 30,000 ರೂಪಾಯಿಯನ್ನು ಸದ್ಯಕ್ಕೆ ಮುಟ್ಟಬೇಡಿ. ಅದರಲ್ಲಿ ಒಂದು ಸಣ್ಣ ಪಾಲನ್ನು ತಂದೆಯವರ ವಾಚನ್ನು ಸರ್ವಿಸ್ ಮಾಡಿಸಲು ಬಳಸಿ, ಒಂದು ತಿಂಗಳು ಅದನ್ನೇ ಕಟ್ಟಿ, ಆಮೇಲೆ ಅಂಗಡಿಗೆ ಹೋಗಿ. ನಿಮ್ಮ ಮೂವರು ಸ್ನೇಹಿತರೂ ಸುಳ್ಳು ಹೇಳುತ್ತಿಲ್ಲ. ಪ್ರತಿಯೊಬ್ಬರೂ ತಾವು ಯಾವ ಕೊರತೆಯನ್ನು ಸಂತೋಷದಿಂದ ಸಹಿಸಬಲ್ಲೆವೆಂಬುದನ್ನು ಹೇಳುತ್ತಿದ್ದಾರೆ. ಸ್ಪ್ರಿಂಗಿನಿಂದ ಓಡುವ ವಾಚಿನಲ್ಲಿ ಕೊರತೆಯಿಲ್ಲದ ಮಾದರಿ ಎಂಬುದು ಇಲ್ಲವಾದ್ದರಿಂದ, ಅಭಿರುಚಿಯೆಂದರೆ ಬಹುಮಟ್ಟಿಗೆ ಕೊರತೆಗಳ ನಡುವಿನ ಆಯ್ಕೆಯೇ. ನಿಮ್ಮ ಆಯ್ಕೆ ಯಾವುದೆಂದು ಇನ್ನೊಬ್ಬರ ಮಣಿಕಟ್ಟನ್ನು ನೋಡಿ ತಿಳಿಯುವುದಿಲ್ಲ.

ನಿಖರತೆಯ ಮಾತನ್ನು ಮೊದಲು ಮುಗಿಸೋಣ. ಸೆಲ್ ವಾಚಿನೊಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಸಾಧಾರಣ ದರ್ಜೆಯದು ತಿಂಗಳಿಗೆ 15 ಸೆಕೆಂಡಿನ ಆಸುಪಾಸಿನಲ್ಲಿ ತಪ್ಪುತ್ತದೆ. ನಿಮ್ಮ ಜನತಾದ ಒಳಗಿರುವುದು ಒಂದು ಪುಟ್ಟ ಬ್ಯಾಲೆನ್ಸ್ ಚಕ್ರ ಮತ್ತು ಅದಕ್ಕೆ ಅಂಟಿಕೊಂಡ, ಕೂದಲೆಳೆಯಷ್ಟು ತೆಳುವಾದ ಸುರುಳಿ. ಅದಕ್ಕೆ ಹೇರ್ ಸ್ಪ್ರಿಂಗ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಆ ಚಕ್ರ ಅತ್ತಿಂದಿತ್ತ ತೂಗುವಾಗ ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ದಿನಕ್ಕೆ ಲೆಕ್ಕ ಹಾಕಿದರೆ 4,32,000 ಬಡಿತಗಳಾಗುತ್ತವೆ. ಇಂಥ ವಾಚು ದಿನಕ್ಕೆ ಹತ್ತು ಸೆಕೆಂಡ್ ಮುಂದೆ ಹೋದರೆ ನಾವು ಮೂಗು ಮುರಿಯುತ್ತೇವೆ. ಆದರೆ ದಿನದಲ್ಲಿರುವುದು 86,400 ಸೆಕೆಂಡ್, ಆದ್ದರಿಂದ ಅದರ ತಪ್ಪು ಸುಮಾರು 8,640ರಲ್ಲಿ ಒಂದು ಪಾಲು ಮಾತ್ರ. ವಿದ್ಯುತ್ತಿಲ್ಲದೆ, ಕೈಯ ಜೊತೆ ಕುಲುಕಾಡುತ್ತ, ಚಿತ್ರದುರ್ಗದ ಬಿಸಿಲಿನಲ್ಲೂ ಮಡಿಕೇರಿಯ ಚಳಿಯಲ್ಲೂ ಒಂದು ಲೋಹದ ಎಳೆ ಇಷ್ಟು ಶಿಸ್ತಿನಿಂದ ನಡೆಯುತ್ತದೆ ಎಂಬ ವಿಷಯ ಒಮ್ಮೆ ಮನಸ್ಸಿಗೆ ಹತ್ತಿದವರಿಗೆ ಸೆಲ್ ವಾಚಿನ ನಿಖರತೆ ಉಪಯುಕ್ತವಾಗಿ ಕಾಣುತ್ತದೆ, ಕುತೂಹಲಕರವಾಗಿ ಕಾಣುವುದಿಲ್ಲ. ಈ ಕುತೂಹಲ ನಿಮಗೆ ಹುಟ್ಟದಿದ್ದರೆ ಸೆಲ್ ವಾಚಿನಲ್ಲೇ ಉಳಿಯಿರಿ. ಅದರಲ್ಲಿ ಕೀಳರಿಮೆಯೇನೂ ಬೇಡ.

ಈಗ ನಿಮ್ಮ ಮೂರನೆಯ ಸ್ನೇಹಿತರ, ಅಂದರೆ ಕೀ ಕೊಡುವ ವಾಚಿನ ಪಕ್ಷ. ಬೆಳಿಗ್ಗೆ ಹಲ್ಲುಜ್ಜಿ ಬಂದು, ವಾಚನ್ನು ಕೈಯಿಂದ ಬಿಚ್ಚಿ ಹಿಡಿದು, ಗುಂಡಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಂದೆ ಮುಂದೆ ಉರುಳಿಸುವಾಗ ಮೊದಲು ಸಡಿಲವಾಗಿ ಕಿರ್ ಕಿರ್ ಎನ್ನುತ್ತದೆ. ಸುಮಾರು ಇಪ್ಪತ್ತು ಸಲ ಉರುಳಿಸಿದ ಮೇಲೆ ಬೆರಳಿಗೆ ಪ್ರತಿರೋಧ ಸಿಗತೊಡಗುತ್ತದೆ, ಆಮೇಲೆ ಒಂದು ಹಂತದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿ ನಿಲ್ಲಿಸಬೇಕು, ಒತ್ತಾಯ ಮಾಡಬಾರದು. ಈ ಅರ್ಧ ನಿಮಿಷಕ್ಕಾಗಿಯೇ ಕೀ ವಾಚನ್ನು ಇಷ್ಟಪಡುವವರಿದ್ದಾರೆ. ಇನ್ನೊಂದು ಲಾಭ ಕಣ್ಣಿಗೆ ಕಾಣುವಂಥದು: ಒಳಗೆ ತಿರುಗುವ ತೂಕ ಇಲ್ಲದ್ದರಿಂದ ವಾಚು ತೆಳುವಾಗುತ್ತದೆ, ಶರ್ಟಿನ ತೋಳಿನೊಳಗೆ ಸಲೀಸಾಗಿ ಜಾರುತ್ತದೆ. ಕೊರತೆಯೂ ಅಷ್ಟೇ ಸ್ಪಷ್ಟ. ಒಂದು ದಿನ ಮರೆತರೆ ಮರುದಿನ ಎರಡನೆಯ ಪೀರಿಯಡ್ಡಿನಲ್ಲಿ ವಾಚು ನಿಂತಿರುತ್ತದೆ.

"ಕೀ ಜಾಸ್ತಿಯಾಗಿ ನಿಂತುಹೋಗಿದೆ" ಎಂಬ ಮಾತನ್ನು ನಮ್ಮ ಊರುಗಳಲ್ಲಿ ಎಲ್ಲರೂ ಕೇಳಿದ್ದೇವೆ. ಪೂರ್ತಿ ಕೀ ಕೊಟ್ಟ ಕಾರಣಕ್ಕೆ ಸುಸ್ಥಿತಿಯ ವಾಚು ನಿಲ್ಲುವುದಿಲ್ಲ. ಒಳಗಿನ ಎಣ್ಣೆ ಒಣಗಿ ಅಂಟಾಗಿ ಚಕ್ರಗಳು ಬಿಗಿದುಕೊಂಡಿರುತ್ತವೆ. ವಾಚು ಓಡುತ್ತಿಲ್ಲವಲ್ಲ ಎಂದು ನಾವು ಕೀ ಕೊಡುತ್ತಲೇ ಹೋಗುತ್ತೇವೆ, ವಾಚನ್ನು ಓಡಿಸುವ ಮುಖ್ಯ ಸ್ಪ್ರಿಂಗ್ ಪೂರ್ತಿ ಸುತ್ತಿಕೊಂಡು ಗುಂಡಿ ಗಟ್ಟಿಯಾಗುತ್ತದೆ, ಆಗ ಪರಿಣಾಮವನ್ನೇ ಕಾರಣವೆಂದು ತಿಳಿಯುತ್ತೇವೆ. ನಿಮ್ಮ ತಂದೆಯವರ ವಾಚಿನ ಕಥೆಯೂ ಬಹುಶಃ ಇದೇ ಇರಬೇಕು.

ಆಟೊಮ್ಯಾಟಿಕ್ ಎಂಬುದು ಕೀ ವಾಚಿಗೆ ಬೇರೆಯಾದ ಜಾತಿಯಲ್ಲ. ಅದೇ ಸ್ಪ್ರಿಂಗ್, ಅದೇ ಬ್ಯಾಲೆನ್ಸ್. ಜೊತೆಗೆ ಅರ್ಧಚಂದ್ರದ ಆಕಾರದ ಒಂದು ತೂಕ, ಅಂದರೆ ರೋಟರ್, ನಿಮ್ಮ ಕೈ ಆಡಿದಾಗೆಲ್ಲ ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ. ಕೈಗಡಿಯಾರದಲ್ಲಿ ಇದನ್ನು ಮೊದಲು ಸಾಧಿಸಿ 1924ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಪೇಟೆಂಟ್ ಪಡೆದವನು ಇಂಗ್ಲಿಷ್ ಗಡಿಯಾರ ತಜ್ಞ ಜಾನ್ ಹಾರ್ವುಡ್. ಅವನ ತೂಕ ಪೂರ್ತಿ ಸುತ್ತುತ್ತಿರಲಿಲ್ಲ, ಎರಡೂ ಬದಿಯ ಸ್ಪ್ರಿಂಗುಗಳಿಗೆ ಬಡಿದು ಹಿಂದಿರುಗುತ್ತಿತ್ತು. ಪೂರ್ತಿ ಸುತ್ತುವ ರೋಟರನ್ನು 1931ರಲ್ಲಿ ರೋಲೆಕ್ಸ್ ತಂದಿತು. ಸೈಕೊ 1959ರಲ್ಲಿ ರೂಪಿಸಿದ ಮ್ಯಾಜಿಕ್ ಲಿವರ್ ಎಂಬ ಸರಳ ಏರ್ಪಾಟು ರೋಟರ್ ಯಾವ ದಿಕ್ಕಿಗೆ ತಿರುಗಿದರೂ ಸ್ಪ್ರಿಂಗ್ ಸುತ್ತಿಕೊಳ್ಳುವಂತೆ ಮಾಡಿತು. ಜಪಾನಿನ ಅಗ್ಗದ ಆಟೊಮ್ಯಾಟಿಕ್‌ಗಳು ಇಷ್ಟು ಗಟ್ಟಿಮುಟ್ಟಾಗಿರುವುದಕ್ಕೆ ಅದರ ಪಾಲು ದೊಡ್ಡದು. ಆಟೊಮ್ಯಾಟಿಕ್‌ನಲ್ಲಿ ಸ್ಪ್ರಿಂಗ್ ತುಂಬಿದ ಮೇಲೆ ಅದರ ಹೊರತುದಿ ಅದನ್ನು ಸುತ್ತಿಟ್ಟಿರುವ ಡಬ್ಬಿಯ ಗೋಡೆಯ ಮೇಲೆ ಜಾರುವಂತೆ ಮಾಡಿರುವುದರಿಂದ ಎಷ್ಟು ಕೈಯಾಡಿಸಿದರೂ ಅತಿಯಾಗುವುದಿಲ್ಲ.

ಆದರೆ ನೀವು ಉಪನ್ಯಾಸಕರು ಎಂಬುದು ಇಲ್ಲಿ ಮುಖ್ಯವಾಗುತ್ತದೆ. ವಾಚು ಎಡಗೈಯಲ್ಲಿ, ಸೀಮೆಸುಣ್ಣ ಬಲಗೈಯಲ್ಲಿ; ಬೋರ್ಡಿನ ಮೇಲೆ ಮುಕ್ಕಾಲು ಗಂಟೆ ಬರೆದರೂ ಎಡಗೈ ಪುಸ್ತಕ ಹಿಡಿದು ನಿಶ್ಚಲವಾಗಿರುತ್ತದೆ. ಅನೇಕ ಆಟೊಮ್ಯಾಟಿಕ್‌ಗಳ ರೋಟರ್ ದಿನಕ್ಕೆ ಸುಮಾರು 650ರಿಂದ 800 ಸುತ್ತು ತಿರುಗಿದರೆ ಮಾತ್ರ ಸ್ಪ್ರಿಂಗ್ ತುಂಬಿಕೊಂಡಿರುತ್ತದೆ. ಉತ್ತರಪತ್ರಿಕೆ ತಿದ್ದುವ ದಿನಗಳಲ್ಲಿ, ಮೇಜಿಗೆ ಮೊಣಕೈ ಊರಿ ಕುಳಿತವರ ವಾಚು ಶನಿವಾರ ಬಿಚ್ಚಿಟ್ಟರೆ ಸೋಮವಾರದ ಮೊದಲೇ ನಿಂತಿರುವುದು ಸಾಮಾನ್ಯ. ಹೀಗಾಗಿ ಆಟೊಮ್ಯಾಟಿಕ್ ಆದರೂ ಕೈಯಿಂದ ಕೀ ಕೊಡಲು ಬರಬೇಕು, ಗುಂಡಿ ಎಳೆದಾಗ ಸೆಕೆಂಡ್ ಮುಳ್ಳು ನಿಲ್ಲಬೇಕು ಎಂಬ ಎರಡು ಅನುಕೂಲಗಳನ್ನು ನಿಮ್ಮಂಥವರು ಕೇಳಿ ಪಡೆಯಬೇಕು. ದಶಕಗಳ ಕಾಲ ಆರಂಭಿಕರ ಕೈಗೆ ಬರುತ್ತಿದ್ದ ಹಳೆಯ ಸೈಕೊ 5 ವಾಚುಗಳ ಒಳಗಿನ 7ಎಸ್26 ಎಂಬ ಮಷೀನಿನಲ್ಲಿ ಎರಡೂ ಇರಲಿಲ್ಲ; ನಿಂತ ವಾಚನ್ನು ಕೈಯಲ್ಲಿ ಹಿಡಿದು ಅಡ್ಡಡ್ಡ ತೂಗಿಯೇ ಎಬ್ಬಿಸಬೇಕಾಗಿತ್ತು. 2019ರಿಂದ ಬಂದ ಸೈಕೊ 5 ಸ್ಪೋರ್ಟ್ಸ್ ಸಾಲಿನ 4ಆರ್36 ಮಷೀನಿನಲ್ಲಿ ಎರಡೂ ಇವೆ, ಪೂರ್ತಿ ಸುತ್ತಿದರೆ 41 ಗಂಟೆ ಓಡುತ್ತದೆ. ಇಂಥ ಸಣ್ಣ ಸಂಗತಿಗಳೇ ದಿನಬಳಕೆಯಲ್ಲಿ ಪ್ರೀತಿಯನ್ನು ಉಳಿಸುತ್ತವೆ ಅಥವಾ ಕೆಡಿಸುತ್ತವೆ.

ಇನ್ನು ಸ್ವಿಸ್ ಮತ್ತು ಜಪಾನ್ ಪಕ್ಷಗಳ ಜಗಳ. ಇದರಲ್ಲಿ ಅರ್ಧ ಹೆಮ್ಮೆಯ ವಿಷಯ, ಅರ್ಧ ಕಣ್ಣಿನ ವಿಷಯ. ಕಣ್ಣಿನದನ್ನು ಹೀಗೆ ಪರೀಕ್ಷಿಸಬಹುದು: ಜನತಾದ ಸೆಕೆಂಡ್ ಮುಳ್ಳು ಒಂದು ಸೆಕೆಂಡಿನಲ್ಲಿ ಐದು ಪುಟ್ಟ ಹೆಜ್ಜೆ ಇಡುತ್ತದೆ. ಸೈಕೊ, ಸಿಟಿಜನ್, ಓರಿಯೆಂಟ್‌ಗಳ ಆರಂಭಿಕ ದರ್ಜೆಯ ಆಟೊಮ್ಯಾಟಿಕ್‌ಗಳು ಗಂಟೆಗೆ 21,600 ಬಡಿತದವು, ಅಂದರೆ ಆರು ಹೆಜ್ಜೆ. ಸ್ವಿಸ್ ವಾಚುಗಳಲ್ಲಿ ಬಹುಕಾಲ ರಾಜ್ಯವಾಳಿದ ಇಟಿಎ 2824 ಮಷೀನು ಮತ್ತು ಅದನ್ನೇ ಹೋಲುವ ಸೆಲಿಟಾ ಎಸ್‌ಡಬ್ಲ್ಯೂ200 ಮಷೀನು ಗಂಟೆಗೆ 28,800 ಬಡಿತದವು, ಅಂದರೆ ಎಂಟು ಹೆಜ್ಜೆ. ಎಂಟರಲ್ಲಿ ಮುಳ್ಳು ಹರಿದಂತೆ ಕಾಣುತ್ತದೆ, ಐದರಲ್ಲಿ ನಡೆದಂತೆ. ವೇಗ ಹೆಚ್ಚಾದಷ್ಟೂ ಮೇಲು ಎಂದು ಅಂಗಡಿಯವರು ಹೇಳಬಹುದು. ವೇಗದ ಬ್ಯಾಲೆನ್ಸ್ ಹೊರಗಿನ ಕುಲುಕಾಟಕ್ಕೆ ಕಡಿಮೆ ಬೆದರುತ್ತದೆ ಎಂಬುದು ನಿಜ. ಆದರೆ ಅದು ಹೆಚ್ಚು ಶಕ್ತಿ ತಿನ್ನುತ್ತದೆ, ಸವೆತವೂ ಹೆಚ್ಚು. ಇಟಿಎಯ ಪವರ್‌ಮ್ಯಾಟಿಕ್ 80 ಎಂಬ ಮಷೀನು ಬಡಿತವನ್ನು 28,800ರಿಂದ 21,600ಕ್ಕೆ ಇಳಿಸಿಯೇ 80 ಗಂಟೆ ಓಡುವ ಶಕ್ತಿಯನ್ನು ಸಂಪಾದಿಸಿತು. ನನ್ನ ಸ್ವಂತ ಒಲವು ಐದು ಹೆಜ್ಜೆಯ ನಿಧಾನದ ಕಡೆಗೆ. ರಾತ್ರಿ ದಿಂಬಿನ ಕೆಳಗಿಟ್ಟರೆ ಒಂದೊಂದು ಬಡಿತವೂ ಬಿಡಿಬಿಡಿಯಾಗಿ ಕೇಳುತ್ತದೆ. ನಮ್ಮ ಮನೆಯಲ್ಲಿ ಇದರ ಬಗ್ಗೆ ಭಿನ್ನಾಭಿಪ್ರಾಯವಿದೆ.

ಹೆಮ್ಮೆಯ ವಿಷಯಕ್ಕೆ ಬಂದರೆ, "ಸ್ವಿಸ್ ಮೇಡ್" ಎಂಬ ಎರಡು ಪದಗಳನ್ನು ಡಯಲ್ ಮೇಲೆ ಮುದ್ರಿಸಲು 2017ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ವಾಚಿನ ಉತ್ಪಾದನಾ ವೆಚ್ಚದ ಕನಿಷ್ಠ ಶೇ 60ರಷ್ಟು ಸ್ವಿಟ್ಜರ್ಲೆಂಡಿನದಾಗಿರಬೇಕು. ಉಳಿದದ್ದು ಎಲ್ಲಿಂದಲಾದರೂ ಬರಬಹುದು, ಬರುತ್ತದೆ ಕೂಡ. ಮಷೀನನ್ನು ಕಂಪನಿ ತಾನೇ ತಯಾರಿಸಿರಬೇಕು ಎಂಬ "ಇನ್‌ಹೌಸ್" ವ್ಯಾಮೋಹವೂ ಹೀಗೆಯೇ. ಲಕ್ಷಾಂತರ ರೂಪಾಯಿಯ ವಾಚಿನಲ್ಲಿ ಅದಕ್ಕೊಂದು ಅರ್ಥವಿದೆ. ನಿಮ್ಮ ಬೆಲೆಯಲ್ಲಿ ಸೈಕೊ, ಸಿಟಿಜನ್, ಓರಿಯೆಂಟ್ ಮೂರೂ ತಮ್ಮ ಮಷೀನನ್ನು ತಾವೇ ಮಾಡುತ್ತವೆ, ಹೆಸರಾಂತ ಎಷ್ಟೋ ಸ್ವಿಸ್ ವಾಚುಗಳು ಕೊಂಡ ಮಷೀನಿನಲ್ಲೇ ಓಡುತ್ತವೆ. ದಾವಣಗೆರೆಯಲ್ಲಿದ್ದು ಯೋಚಿಸಬೇಕಾದದ್ದು ಬೇರೆಯೇ ಇದೆ: ಹತ್ತು ವರ್ಷದ ನಂತರ ಇದನ್ನು ಬಿಚ್ಚಿ ಜೋಡಿಸುವವರು ಯಾರು, ಬಿಡಿಭಾಗ ಸಿಗುತ್ತದೆಯೇ? ಎಲ್ಲೆಡೆ ಹರಡಿರುವ ಮಷೀನು ಈ ದೃಷ್ಟಿಯಿಂದ ಅಪರೂಪದ್ದಕ್ಕಿಂತ ಮೇಲು. ಸೈಕೊ ಇತರ ಕಂಪನಿಗಳಿಗೆ ಮಾರುವ ಎನ್‌ಎಚ್35 ಎಂಬ ಮಷೀನಂತೂ ಎಷ್ಟು ಸುಲಭವಾಗಿ ಸಿಗುತ್ತದೆಂದರೆ, ಕೆಟ್ಟದ್ದನ್ನು ರಿಪೇರಿ ಮಾಡುವ ಬದಲು ಇಡೀ ಮಷೀನನ್ನೇ ಬದಲಿಸುವುದು ಅನೇಕ ಸಲ ಅಗ್ಗವಾಗುತ್ತದೆ. ಇದು ಪ್ರಾಯೋಗಿಕವಾಗಿ ಒಳ್ಳೆಯದು. ರಸಿಕರಿಗೆ ಸ್ವಲ್ಪ ಬೇಸರ ತರಿಸುವ ಸಂಗತಿ ಎಂಬುದನ್ನೂ ಒಪ್ಪುತ್ತೇನೆ.

ಸಮಯದ ಲೆಕ್ಕವನ್ನೇ ಹವ್ಯಾಸ ಮಾಡಿಕೊಂಡವರ ಪಂಗಡವೊಂದಿದೆ, ನಾನೂ ಅದರಲ್ಲಿ ಒಬ್ಬ. ಸ್ವಿಟ್ಜರ್ಲೆಂಡಿನ ಸಿಒಎಸ್‌ಸಿ ಸಂಸ್ಥೆ ಒಂದು ಮಷೀನಿಗೆ ಕ್ರೋನೊಮೀಟರ್, ಅಂದರೆ ಅತಿ ನಿಖರವಾದದ್ದು, ಎಂಬ ಪ್ರಮಾಣಪತ್ರ ಕೊಡಬೇಕಾದರೆ ಅದನ್ನು 15 ದಿನ, ಐದು ಭಂಗಿಗಳಲ್ಲಿ, 8, 23 ಮತ್ತು 38 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶಗಳಲ್ಲಿ ಪರೀಕ್ಷಿಸುತ್ತದೆ. ಸರಾಸರಿಯಲ್ಲಿ ದಿನಕ್ಕೆ 4 ಸೆಕೆಂಡಿಗಿಂತ ಹೆಚ್ಚು ಹಿಂದೆ ಬೀಳಬಾರದು, 6 ಸೆಕೆಂಡಿಗಿಂತ ಹೆಚ್ಚು ಮುಂದೆ ಓಡಬಾರದು. ಐದು ಭಂಗಿ ಏಕೆಂದರೆ, ವಾಚನ್ನು ಅಂಗಾತ ಇಟ್ಟಾಗ ಬ್ಯಾಲೆನ್ಸಿನ ಅಚ್ಚು ತನ್ನ ತುದಿಯ ಮೇಲೆ ಮಾತ್ರ ಊರಿಕೊಂಡಿರುತ್ತದೆ, ನಿಲ್ಲಿಸಿದಾಗ ಅದರ ಪಕ್ಕ ಅದನ್ನು ಹಿಡಿದಿರುವ ಮಾಣಿಕ್ಯದ ಕಲ್ಲಿಗೆ ಉಜ್ಜುತ್ತದೆ. ಘರ್ಷಣೆ ಬದಲಾದರೆ ತೂಗಾಟದ ಅಗಲ ಬದಲಾಗುತ್ತದೆ, ವೇಗವೂ ತುಸು ಬದಲಾಗುತ್ತದೆ. ಈ ದೋಷವನ್ನೇ ಗುಣವಾಗಿ ಬಳಸಿಕೊಳ್ಳಬಹುದು. ನನ್ನ ಬಳಿ ಇರುವ ಒಂದು ಜನತಾ ಕೈಮೇಲೆ ಹಗಲೆಲ್ಲ ಸುಮಾರು ಎಂಟು ಸೆಕೆಂಡ್ ಮುಂದೆ ಹೋಗುತ್ತದೆ; ರಾತ್ರಿ ಅಂಗಾತ ಮಲಗಿಸಿದರೆ ಇನ್ನೂ ಐದಾರು ಸೆಕೆಂಡ್ ಸೇರಿಸಿಕೊಳ್ಳುತ್ತದೆ; ಅದೇ ಗುಂಡಿ ಮೇಲೆ ಬರುವಂತೆ ಪುಸ್ತಕಕ್ಕೆ ಒರಗಿಸಿಟ್ಟರೆ ಬೆಳಗಾಗುವುದರಲ್ಲಿ ಆರೇಳು ಸೆಕೆಂಡ್ ಹಿಂದೆ ಬಿದ್ದು ಹಗಲಿನ ಸಾಲವನ್ನು ತೀರಿಸುತ್ತದೆ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ರಾತ್ರಿ ಒಂಬತ್ತಕ್ಕೆ, ಬೆಳಿಗ್ಗೆ ಆರಕ್ಕೆ ಮೊಬೈಲಿನ ಸಮಯಕ್ಕೆ ಹೋಲಿಸಿ ಬರೆದಿಟ್ಟರೆ ಹದಿನೈದು ದಿನದಲ್ಲಿ ನಿಮ್ಮ ವಾಚಿನ ಸ್ವಭಾವ ಗೊತ್ತಾಗುತ್ತದೆ. ಇದು ನಿಮಗೆ ಹಿಡಿಸಿದರೆ ಮುಂದೆ ನೀವು ಯಾವ ಆಟೊಮ್ಯಾಟಿಕ್ ಕೊಂಡರೂ ಸಂತೋಷವಾಗಿರುತ್ತೀರಿ. ಇದು ಹುಚ್ಚಾಟವೆನಿಸಿದರೆ ಒಂದೇ ಮಾತು ನೆನಪಿಡಿ: ಇದ್ದಕ್ಕಿದ್ದಂತೆ ವಾಚು ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ಅದು ಕೆಟ್ಟಿರುವುದಕ್ಕಿಂತ, ಸ್ಪೀಕರ್ ಅಥವಾ ಟ್ಯಾಬ್ಲೆಟ್ ಕವರಿನ ಆಯಸ್ಕಾಂತ ತಗುಲಿ ಹೇರ್ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿರುವ ಸಾಧ್ಯತೆ ಹೆಚ್ಚು. ಆಯಸ್ಕಾಂತತೆ ತೆಗೆಯುವ ಪುಟ್ಟ ಯಂತ್ರ ರಿಪೇರಿಯವರ ಬಳಿ ಇರುತ್ತದೆ, ಎರಡು ನಿಮಿಷದ ಕೆಲಸ.

ಅಳತೆಯ ವಿಷಯದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಅಭಿರುಚಿ ತಿರುಗಿದೆ. ನಿಮ್ಮ ತಂದೆಯವರ ಜನತಾ ಸುಮಾರು 35 ಮಿಲಿಮೀಟರ್ ಅಗಲ. ಒಂದು ಕಾಲದಲ್ಲಿ 44, 45 ಮಿಲಿಮೀಟರಿನ ತಟ್ಟೆಗಳನ್ನು ಕಟ್ಟಿ ಓಡಾಡಿದವರೇ ಈಗ 36, 38ರ ಕಡೆಗೆ ಬರುತ್ತಿದ್ದಾರೆ, ಕಂಪನಿಗಳೂ ತಮ್ಮ ಜನಪ್ರಿಯ ಮಾದರಿಗಳನ್ನು ಚಿಕ್ಕದಾಗಿ ಮತ್ತೆ ತರುತ್ತಿವೆ. ಕೊಳ್ಳುವಾಗ ಅಗಲವೊಂದನ್ನೇ ನೋಡಬೇಡಿ. ಬೆಲ್ಟು ಸೇರುವ ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗಿನ ಉದ್ದವನ್ನು ಅಳೆಯಿರಿ, ಅದು ಮಣಿಕಟ್ಟಿನ ಅಂಚನ್ನು ದಾಟಬಾರದು. 42.5 ಮಿಲಿಮೀಟರಿನ ಸೈಕೊ 5 ಸ್ಪೋರ್ಟ್ಸ್ ಕಾಗದದ ಮೇಲೆ ದೊಡ್ಡದಾದರೂ ಈ ಉದ್ದ ಸುಮಾರು 46 ಮಾತ್ರ ಇರುವುದರಿಂದ ಮಧ್ಯಮ ಗಾತ್ರದ ಕೈಗೂ ಒಗ್ಗುತ್ತದೆ. ಒಂದು ತಿಂಗಳು 35ಕ್ಕೆ ಒಗ್ಗಿದ ಕಣ್ಣಿನಿಂದ ಅಂಗಡಿಯ ಕನ್ನಡಿಯಲ್ಲಿ ನೋಡಿದರೆ ನಿಮಗೆ ಯಾವುದು ಹೆಚ್ಚಾಯಿತೆಂದು ಯಾರೂ ಹೇಳಬೇಕಾಗುವುದಿಲ್ಲ.

ಜನತಾ ವಾಚಿನ ಹಿನ್ನೆಲೆಯನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಈಗ ದೇಶದ ಆಚೆಯ ಹವ್ಯಾಸಿಗಳೂ ಅದನ್ನು ಹುಡುಕುತ್ತಿದ್ದಾರೆ. ಯಂತ್ರೋಪಕರಣ ತಯಾರಿಸುತ್ತಿದ್ದ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ಆರಂಭಿಸಿತು. ಮೊದಲ ಕಂತಿನ ಕೀ ವಾಚುಗಳನ್ನು ಬಿಡುಗಡೆ ಮಾಡಿದವರು ಜವಾಹರಲಾಲ್ ನೆಹರೂ. ಮುಂದೆ ತುಮಕೂರು, ಶ್ರೀನಗರ, ರಾಣಿಬಾಗ್‌ಗಳಲ್ಲೂ ಕಾರ್ಖಾನೆಗಳಾದವು. ಬಹುಪಾಲು ಜನತಾ ಮತ್ತು ಪೈಲಟ್ ವಾಚುಗಳ ಒಳಗಿರುವುದು ಸಿಟಿಜನ್ ಮೂಲದ, 17 ಕಲ್ಲುಗಳ ಒಂದೇ ಮಷೀನು. "17 ಜ್ಯುವೆಲ್ಸ್" ಎಂದರೆ ಒಡವೆಯ ಲೆಕ್ಕವಲ್ಲ, ಅಚ್ಚುಗಳು ಸವೆಯದಂತೆ ಕೂರಿಸಿದ ಕೃತಕ ಮಾಣಿಕ್ಯಗಳು. ಅವನ್ನು ಕಿತ್ತು ಮಾರಿದರೆ ಏನೂ ಬರುವುದಿಲ್ಲ. ಕೀ ಕೊಡುವ ವಾಚಿಗೆ ಈ 17 ಸಾಕು, ಆಟೊಮ್ಯಾಟಿಕ್ ಏರ್ಪಾಟು ಸೇರಿದಾಗ 21, 24, 25 ಎಂದು ಏರುತ್ತದೆ. ಸಂಖ್ಯೆ ಏರಿದಂತೆ ದರ್ಜೆ ಏರುತ್ತದೆ ಎಂದು ತಿಳಿಯಬೇಡಿ. ಎಚ್‌ಎಂಟಿಯ ಆಟೊಮ್ಯಾಟಿಕ್‌ಗಳಲ್ಲಿ ಕಾಂಚನ್ ಹೆಸರು ಮದುವೆಯ ಮಾತುಕತೆಗಳಲ್ಲೇ ಬರುವಷ್ಟು ಬೇಡಿಕೆಯದಾಗಿತ್ತು. ನಿಮ್ಮ ತಂದೆಯವರ ವಾರಿಗೆಯವರನ್ನು ಕೇಳಿ, ವಾಚಿಗಾಗಿ ಕಾದ ಕಥೆ ಒಂದಾದರೂ ಸಿಗುತ್ತದೆ.

1969ರ ಡಿಸೆಂಬರ್ 25ರಂದು ಸೈಕೊ ತನ್ನ ಕ್ವಾರ್ಟ್ಜ್ ಆಸ್ಟ್ರಾನ್ ವಾಚನ್ನು ಟೋಕಿಯೊದಲ್ಲಿ ಮಾರಾಟಕ್ಕಿಟ್ಟ ಮೇಲೆ ಜಗತ್ತಿನ ಗಡಿಯಾರ ಉದ್ಯಮ ತಲೆಕೆಳಗಾಯಿತು. ಸ್ವಿಸ್ ಉದ್ಯಮದಲ್ಲಿ 1970ರ ಸುಮಾರಿಗೆ 90,000ದ ಆಸುಪಾಸಿನಲ್ಲಿದ್ದ ಕೆಲಸಗಾರರ ಸಂಖ್ಯೆ 1980ರ ದಶಕದ ಮಧ್ಯದ ಹೊತ್ತಿಗೆ 30,000ದ ಹತ್ತಿರಕ್ಕೆ ಇಳಿಯಿತು. ನಮ್ಮಲ್ಲಿ ಆ ಪೆಟ್ಟು ತಡವಾಗಿ ಬಿತ್ತು: ಹೊಸೂರಿನಿಂದ ಟೈಟನ್ 1980ರ ದಶಕದ ಕೊನೆಯಲ್ಲಿ ಕ್ವಾರ್ಟ್ಜ್ ವಾಚುಗಳನ್ನು ಅಂದವಾಗಿ ಮಾಡಿ ತಂದಾಗ, ಎಚ್‌ಎಂಟಿ ಇನ್ನೂ ಮುಖ್ಯವಾಗಿ ಕೀ ವಾಚುಗಳನ್ನೇ ನೆಚ್ಚಿಕೊಂಡಿತ್ತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ಹೆರಿಟೇಜ್ ಸೆಂಟರ್‌ಗೆ ಬೆಂಗಳೂರಿಗೆ ಹೋದಾಗ ಒಮ್ಮೆ ಹೋಗಿ ಬನ್ನಿ. ಒಂದು ವಾಚಿನ ಹಿಂದೆ ಎಷ್ಟು ಯಂತ್ರಗಳು ಬೇಕಾಗಿದ್ದವೆಂದು ಅಲ್ಲಿ ಕಾಣುತ್ತದೆ. 2018ರಲ್ಲಿ ಆರಂಭವಾದ ಬೆಂಗಳೂರು ವಾಚ್ ಕಂಪನಿಯಂಥ ಹೊಸಬರು ಮಿಗ್-21 ವಿಮಾನ, ಕ್ರಿಕೆಟ್ ಮೊದಲಾದ ನಮ್ಮ ವಿಷಯಗಳನ್ನು ಡಯಲ್‌ಗೆ ತರುತ್ತಿದ್ದಾರೆ. ಅವರ ಬೆಲೆ ನಿಮ್ಮ ಮಿತಿಯ ಮೇಲಿನದು, ಆದ್ದರಿಂದ ಇಲ್ಲಿಗೆ ಬಿಡುತ್ತೇನೆ.

ತಿಂಗಳು ಮುಗಿದ ಮೇಲೆ ಕೊಳ್ಳುವ ಮಾತು. ಬೆಳಿಗ್ಗೆ ಕೀ ಕೊಡುವುದು ನಿಮಗೆ ಇಷ್ಟವಾಗಿ, ದಿನಾ ವಾಚ್ ಬಿಚ್ಚಿ ನೋಡುವ ಆಸೆಯೂ ಹುಟ್ಟಿದರೆ ಆಟೊಮ್ಯಾಟಿಕ್ ಕೊಳ್ಳುವ ಅವಸರವೇ ಇಲ್ಲ. ಎಚ್‌ಎಂಟಿಯದೇ ಸುಸ್ಥಿತಿಯ ಪೈಲಟ್ ಅಥವಾ ಸೋನಾ ಹುಡುಕಿ. ಕೀ ಕೊಡುವುದು ಮರೆತೇಹೋಗುತ್ತಿತ್ತು, ಆದರೆ ಟಿಕ್ ಟಿಕ್ ಹಿಡಿಸಿತು ಎಂದಾದರೆ ಆಟೊಮ್ಯಾಟಿಕ್ ನಿಮ್ಮದು. ಕಾಲೇಜಿಗೆ ಇಸ್ತ್ರಿ ಶರ್ಟಿನ ಜೊತೆ ಕಟ್ಟಲು ಓರಿಯೆಂಟ್ ಬ್ಯಾಂಬಿನೊವನ್ನು ನೋಡಿ: ಉಬ್ಬಿದ ಗಾಜು, ಸರಳ ಡಯಲ್, ಕೀ ಕೊಡಲೂ ಬರುತ್ತದೆ, 38.4 ಮಿಲಿಮೀಟರಿನ ಆವೃತ್ತಿಯನ್ನೇ ಕೇಳಿ. ಬಸ್ಸು, ಬೈಕು, ಮಳೆ ಎಲ್ಲಕ್ಕೂ ಒಂದೇ ವಾಚು ಬೇಕಾದರೆ ಸೈಕೊ 5 ಸ್ಪೋರ್ಟ್ಸ್‌ನ 38 ಮಿಲಿಮೀಟರ್ ಮಾದರಿ. ಸ್ಟೀಲಿನ ಚೈನ್ ಕೇಸಿಗೇ ಕೂಡಿಕೊಂಡಂತಿರುವ ಈಗಿನ ಚಾಲ್ತಿಯ ರೂಪ ಬೇಕಾದರೆ 40 ಮಿಲಿಮೀಟರಿನ ಸಿಟಿಜನ್ ಸುಯೊಸಾ. ಅದರ ಮಷೀನಿನ ರೋಟರ್ ಒಂದೇ ದಿಕ್ಕಿಗೆ ತಿರುಗಿದಾಗ ಮಾತ್ರ ಸ್ಪ್ರಿಂಗನ್ನು ಸುತ್ತುತ್ತದೆಯಾದ್ದರಿಂದ ಇನ್ನೊಂದು ದಿಕ್ಕಿಗೆ ತಿರುಗುವಾಗ ಗರ್ರನೆ ಓಡುವುದು ಕೈಗೆ ತಿಳಿಯುತ್ತದೆ, ಅದು ದೋಷವಲ್ಲ. ಮಾರಾಟಗಾರರು ಮತ್ತು ರಿಯಾಯಿತಿಗಳ ಪ್ರಕಾರ ಬೆಲೆ ಏರಿಳಿಯುತ್ತದೆ, ಮೂರೂ ನಿಮ್ಮ ಮಿತಿಯ ಒಳಗೋ ಅಂಚಿನಲ್ಲೋ ಸಿಗುವಂಥವು. ಹಣ ಕೂಡಿಸಿ ಸ್ವಿಸ್ ಕೊಳ್ಳಿ ಎಂದವರ ಮಾತನ್ನು ಎರಡನೆಯ ವಾಚಿಗೆ ಇಟ್ಟುಕೊಳ್ಳಿ. ಯಾವುದನ್ನೇ ಕೊಂಡರೂ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ನಾಲ್ಕರವರೆಗೆ ಗುಂಡಿಯಿಂದ ತಾರೀಖು ಬದಲಿಸಬೇಡಿ; ಆ ಹೊತ್ತಿನಲ್ಲಿ ತಾರೀಖಿನ ಚಕ್ರಕ್ಕೆ ಹಲ್ಲು ಕಚ್ಚಿಕೊಂಡಿರುತ್ತದೆ, ಒತ್ತಾಯ ಮಾಡಿದರೆ ಮುರಿಯುತ್ತದೆ.

ಇನ್ನು ನಿಮ್ಮ ತಂದೆಯವರ ವಾಚನ್ನು ರಿಪೇರಿಗೆ ಕೊಡುವ ಬಗೆ. ಹಿಂಬದಿ ತೆಗೆದು ಒಂದು ತೊಟ್ಟು ಎಣ್ಣೆ ಬಿಟ್ಟು ಕೊಡುವವರು ಬೇಡ. ಹಳೆಯ ಅಂಟಿನ ಮೇಲೆ ಹೊಸ ಎಣ್ಣೆ ಬಿದ್ದರೆ ನಾಲ್ಕು ದಿನ ಓಡಿ ಮತ್ತೆ ನಿಲ್ಲುತ್ತದೆ. ಮಷೀನನ್ನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಜೋಡಿಸಬೇಕು ಎಂದು ಸ್ಪಷ್ಟವಾಗಿ ಹೇಳಿ. ಬದಲಿಸಿದ ಹಳೆಯ ಭಾಗಗಳನ್ನು ಒಂದು ಪೊಟ್ಟಣದಲ್ಲಿ ಹಾಕಿಕೊಡಿ ಎನ್ನಿ. ಅಕ್ರಿಲಿಕ್ ಗಾಜಿನ ಗೀರುಗಳು ಉಜ್ಜಿದರೆ ಹೋಗುತ್ತವೆ, ಗಾಜು ಬದಲಿಸಿದರೂ ನಷ್ಟವಿಲ್ಲ. ಆದರೆ ಕೇಸಿಗೆ ಪಾಲಿಶ್ ಮಾಡಿಸಬೇಡಿ, ಅದರ ಅಂಚುಗಳು ಒಮ್ಮೆ ಕರಗಿದರೆ ಮರಳಿ ಬರುವುದಿಲ್ಲ. ಡಯಲ್ ಅನ್ನು ಬದಲಿಸುವುದಕ್ಕಾಗಲಿ ಬಣ್ಣ ಹೊಡೆಯುವುದಕ್ಕಾಗಲಿ ಒಪ್ಪಬೇಡಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ: ನನ್ನ ಚಿಕ್ಕಪ್ಪನ ಪೈಲಟ್ ವಾಚನ್ನು ಒಬ್ಬ ರಿಪೇರಿಯವರಿಗೆ ಸರ್ವಿಸ್‌ಗೆಂದು ಕೊಟ್ಟಿದ್ದೆ, ಅವರು ನನ್ನನ್ನು ಖುಷಿಪಡಿಸಲೆಂದು ಡಯಲ್‌ಗೆ ಹೊಸದಾಗಿ ಕಪ್ಪು ಬಳಿಸಿ, ಹೊಳೆಯುವ ಅಂಕಿಗಳನ್ನು ಮುದ್ರಿಸಿ ಕೊಟ್ಟರು. ಹಳೆಯದನ್ನು ಕೆರೆದುಹಾಕಿಯಾಗಿತ್ತು. ಅವರ ಉದ್ದೇಶ ಒಳ್ಳೆಯದೇ ಆಗಿದ್ದರಿಂದ ಜಗಳವಾಡಲೂ ಆಗಲಿಲ್ಲ.

ಇವತ್ತು ಎಚ್‌ಎಂಟಿ ಹೆಸರಿನಲ್ಲಿ ಬಿಕರಿಯಾಗುವ ಹಳೆಯ ವಾಚುಗಳಲ್ಲಿ ಇಂಥ ಮರುಬಣ್ಣದವು ಬೇಕಾದಷ್ಟಿವೆ: ಕಾರ್ಖಾನೆ ಎಂದೂ ಮಾಡದ ಗಿಳಿಹಸಿರು, ಕಿತ್ತಳೆ ಬಣ್ಣಗಳು, ಭೂತಗನ್ನಡಿಯಲ್ಲಿ ನೋಡಿದರೆ ಅಂಚು ಹರಡಿದ ಅಕ್ಷರಗಳು, ನಿಮಿಷದ ಗೀಟುಗಳು ಒಂದು ಕಡೆ ದಪ್ಪ, ಒಂದು ಕಡೆ ತೆಳು. ನಿಮ್ಮ ಡಯಲ್ ಕಲೆಯಾಗಿದ್ದರೂ ಅದರ ಅಕ್ಷರಗಳು ಕಾರ್ಖಾನೆಯಲ್ಲೇ ಮುದ್ರಿತವಾದವು. ಕಲೆ ಒದ್ದೆಯಾಗಿಯೋ ಹಸಿರಾಗಿಯೋ ಇದ್ದರೆ ಒಳಗೆ ತೇವ ಸೇರಿದೆ ಎಂದರ್ಥ, ಅದು ಹಬ್ಬದಂತೆ ಗಾಜಿನ ಸುತ್ತ ಮತ್ತು ಗುಂಡಿಯ ಬುಡದ ಬಿಗಿಯನ್ನು ಸರಿಪಡಿಸಲು ಹೇಳಿ. ಒಣಗಿದ ಕಂದು ಚುಕ್ಕೆಗಳಾಗಿದ್ದರೆ ಹಾಗೆಯೇ ಬಿಟ್ಟುಬಿಡಿ, ಒದ್ದೆ ಬಟ್ಟೆಯಿಂದಲೂ ಒರೆಸಲು ಬಿಡಬೇಡಿ, ಹಳೆಯ ಮುದ್ರಣ ಅದರ ಜೊತೆಗೇ ಎದ್ದು ಬರುತ್ತದೆ.